ರಾತ್ರಿ ತಂಗಿದ್ದು

“ಗುರುಗಳೇ, ಓದಿದವರು ಬೇಡ ಅನ್ನುತ್ತಾರೆ, ಮನೆಯ ಹಿರಿಯರು ಉಣ್ಣು ಅನ್ನುತ್ತಾರೆ. ಈ ಎರಡು ಮಾತಿನಲ್ಲಿ ಯಾವುದನ್ನು ಕೇಳಬೇಕು?”

ಕೇಳಿದವನು ರಾಚಯ್ಯ. ಮಠದ ಅಡುಗೆಮನೆಯ ಉಸ್ತುವಾರಿ ಅವನದು. ಹಿಂದಿನ ದಿನ ಆಹಾರದ ವಿಷಯ ಬಲ್ಲ ಅಧಿಕಾರಿಗಳು ಪಟ್ಟಣದಿಂದ ಬಂದಿದ್ದರು. ರಾತ್ರಿ ಹುಳಿಗಿಟ್ಟು ಬೆಳಿಗ್ಗೆ ಮಠದ ಮಕ್ಕಳಿಗೆ ಕೊಡುವ ಅಂಬಲಿಯನ್ನು ನೋಡಿ ಮೂಗು ಮುರಿದಿದ್ದರು. ಇದನ್ನು ನಿಲ್ಲಿಸಿ, ಡಬ್ಬಿಯಲ್ಲಿ ಪುಡಿ ಕಳಿಸುತ್ತೇವೆ, ಹಾಲಿಗೆ ಕಲಸಿ ಕೊಡಿ ಎಂದು ಹೇಳಿ ಹೋಗಿದ್ದರು. ಆಗಿನಿಂದ ರಾಚಯ್ಯನಿಗೆ ಕೆಲಸಕ್ಕೆ ಕೈಯೇ ಏಳುತ್ತಿರಲಿಲ್ಲ.

ಗುರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. “ನನ್ನನ್ನು ಯಾಕಪ್ಪ ಈ ಜಗಳಕ್ಕೆ ಎಳೆಯುತ್ತೀಯ? ನನಗೆ ಹಲ್ಲೇ ಇಲ್ಲ. ಪುಡಿ ಕೊಟ್ಟರೂ ನುಂಗುತ್ತೇನೆ, ಅಂಬಲಿ ಕೊಟ್ಟರೂ ನುಂಗುತ್ತೇನೆ,” ಎಂದು ನಕ್ಕರು. ರಾಚಯ್ಯ ನಗಲಿಲ್ಲ. ಅವನ ಮುಖ ನೋಡಿ ಗುರುವೂ ನಗು ನಿಲ್ಲಿಸಿದರು. ಕಣ್ಣು ಅರ್ಧ ಮುಚ್ಚಿ ಈ ಕತೆ ಹೇಳಿದರು.

ಒಂದು ನಾಡಿತ್ತು. ಹೊಳೆಯ ಎರಡೂ ದಡದಲ್ಲಿ ಅದರ ಊರುಗಳಿದ್ದವು. ಬೆಳಗಾಗುವ ಹೊತ್ತಿಗೆ ಹೊಳೆಯಿಂದ ಮಂಜು ಎದ್ದು ಮೆಲ್ಲಗೆ ಕೇರಿಗಳೊಳಗೆ ಬರುತ್ತಿತ್ತು. ತಾವು ನಿಜವಾಗಿಯೂ ಎದ್ದಿದ್ದೇವೋ, ಎದ್ದ ಹಾಗೆ ಕನಸು ಕಾಣುತ್ತಿದ್ದೇವೋ ಎನ್ನುವುದು ಬಿಸಿಲು ಬರುವವರೆಗೆ ಅಲ್ಲಿಯ ಜನಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆ ಅರೆನಿದ್ದೆಯಲ್ಲೇ ಜಗಲಿಗೆ ಬಂದು ಕೂತು ತಂಗಳು ಉಣ್ಣುತ್ತಿದ್ದರು. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹೊಯ್ದು ಮಡಕೆಯಲ್ಲಿ ಮುಚ್ಚಿಟ್ಟಿರುತ್ತಿದ್ದರು. ಬೆಳಿಗ್ಗೆ ಅದಕ್ಕೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಈರುಳ್ಳಿ ಕಚ್ಚಿಕೊಂಡು ಉಂಡರೆ ಆಗ ಎಚ್ಚರವಾಗುತ್ತಿತ್ತು. ದಾರಿಯಲ್ಲಿ ಯಾರು ಹೋದರೂ ಬಾ, ಒಂದು ತುತ್ತು ಉಂಡು ಹೋಗು ಎಂದು ಕರೆಯುತ್ತಿದ್ದರು. ಮಂಜಿನಲ್ಲಿ ಮುಖ ಕಾಣದೆ ಎಷ್ಟೋ ಸಲ ಜಗಳವಾಡಿದವರನ್ನೇ ಕರೆದುಬಿಡುತ್ತಿದ್ದರು. ಬಂದವರೂ ಕೂತು ಉಂಡೇ ಹೋಗುತ್ತಿದ್ದರು.

ನಮ್ಮ ಮಾತಿನಲ್ಲಿ ತಂಗಳು ಅಂದರೆ ತಂಗಿದ್ದು. ದಾರಿಹೋಕ ಒಂದು ರಾತ್ರಿ ತಂಗುವ ಹಾಗೆ ಅನ್ನವೂ ಒಂದು ರಾತ್ರಿ ಮನೆಯಲ್ಲಿ ತಂಗುತ್ತದೆ. ಹಳಸಿದ್ದು ಬೇರೆ. ಅದನ್ನು ನಾಯಿ ಕೂಡ ಮೂಸಿ ನೋಡಿ ಬಿಟ್ಟುಹೋಗುತ್ತದೆ. ಎರಡಕ್ಕೂ ಎರಡು ಮಾತು ಇದ್ದದ್ದರಿಂದ ಆ ನಾಡಿನಲ್ಲಿ ಯಾರಿಗೂ ಗೊಂದಲವಿರಲಿಲ್ಲ.

ಆ ನಾಡಿನ ರಾಜ ಒಳ್ಳೆಯವನು. ಒಳ್ಳೆಯವನಾದದ್ದರಿಂದಲೇ ಈ ಕತೆ ಹುಟ್ಟಿತು, ಕೆಟ್ಟವನಾಗಿದ್ದರೆ ಜನ ಏನು ಉಂಡರು ಎಂದು ಅವನು ಕೇಳುತ್ತಲೇ ಇರಲಿಲ್ಲ. ಒಮ್ಮೆ ಅರಮನೆಯಲ್ಲಿ ಮದುವೆ ನಡೆಯಿತು. ಮಿಕ್ಕ ಅಡುಗೆಯನ್ನು ತಾಮ್ರದ ಹಂಡೆಗಳಲ್ಲಿ ತುಂಬಿಟ್ಟು ಮಾರನೆಯ ದಿನ ಬಡವರಿಗೆ ಹಂಚಿದರು. ಹಂಡೆಗಳ ಒಳಗಿನ ಕಲಾಯಿ ಹೋಗಿತ್ತು. ಹುಳಿ ಹಾಕಿದ ಸಾರು ರಾತ್ರಿಯೆಲ್ಲ ಬರಿಯ ತಾಮ್ರಕ್ಕೆ ತಗುಲಿ ಕಿಲುಬು ಹಿಡಿದಿತ್ತು. ಉಂಡವರು ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದರು. ಕೆಲವರು ಮತ್ತೆ ಏಳಲಿಲ್ಲ. ಅವರಲ್ಲಿ ಮಕ್ಕಳೂ ಇದ್ದರು.

ರಾಜ ಮದುವೆಯ ಬಟ್ಟೆಯಲ್ಲೇ ಕೂತು ಅತ್ತ. ಇಂಥದ್ದು ನನ್ನ ನಾಡಿನಲ್ಲಿ ಇನ್ನೊಮ್ಮೆ ಆಗಕೂಡದು, ಏನು ಮಾಡಬೇಕೋ ಹೇಳಿ ಎಂದು ಆಸ್ಥಾನದ ವೈದ್ಯನನ್ನು ಕೇಳಿದ.

ವೈದ್ಯ ಬಡವರ ಮನೆಯವನು. ಅವನು ಚಿಕ್ಕವನಿದ್ದಾಗಲೇ ತಂದೆ ತೀರಿಹೋದ. ತಾಯಿ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತು ಮಗನನ್ನು ಓದಿಸಿದಳು. ಅವನೂ ಕೆಟ್ಟವನಲ್ಲ. ರೋಗಿ ಬಡವನಾದರೆ ಔಷಧಿಯ ಜೊತೆ ಅಕ್ಕಿಯನ್ನೂ ಕೊಟ್ಟು ಕಳಿಸುವವನು. ಅರಮನೆಯ ಬೀದಿಯಲ್ಲಿ ದೊಡ್ಡ ಮನೆ ಕೊಡುತ್ತೇವೆ ಅಂದರೂ ಅವನು ಹೋಗಲಿಲ್ಲ. ಅವ್ವನಿಗೆ ಎದ್ದ ಕೂಡಲೆ ಹೊಳೆ ಕಾಣಬೇಕು ಎಂದು ರೈತರ ಕೇರಿಯಲ್ಲೇ ಉಳಿದ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ರಾಚಯ್ಯ, ನೀನು ಅವನ ಮೇಲೆ ಬೇಗ ಸಿಟ್ಟಾಗಬೇಡ.

ವೈದ್ಯ ಗ್ರಂಥಗಳನ್ನು ತೆಗೆದ. ಸತ್ತವರೆಲ್ಲ ಹಿಂದಿನ ದಿನದ ಅಡುಗೆ ಉಂಡವರು ಎನ್ನುವುದು ಅವನ ಕಣ್ಣಿಗೆ ಬಿತ್ತು. ಹಂಡೆಯ ಒಳಗೆ ಇಣುಕಿ ನೋಡುವುದು ಅವನಿಗೆ ಹೊಳೆಯಲಿಲ್ಲ. ಗ್ರಂಥದಲ್ಲಿ ಒಂದು ಸಂಸ್ಕೃತದ ಮಾತು ಸಿಕ್ಕಿತು, ಪರ್ಯುಷಿತ. ಪರ್ಯುಷಿತವಾದ ಅನ್ನ ಉಣ್ಣಲು ಯೋಗ್ಯವಲ್ಲ ಎಂದು ಬರೆದಿತ್ತು. ಅವನು ಅದನ್ನೇ ರಾಜನಿಗೆ ಓದಿ ಹೇಳಿದ. ರಾಜ ಒಪ್ಪಿದ. ಡಂಗುರ ಹೊಡೆಯುವವನಿಗೆ ಹೇಳಿ ಕಳಿಸಿದರು.

ಡಂಗುರದವನು ಆ ಮಾತನ್ನು ಬಾಯಲ್ಲಿ ಅತ್ತಿತ್ತ ಆಡಿಸಿ ನೋಡಿದ. “ಬುದ್ಧೀ, ಇದು ನನ್ನ ನಾಲಗೆ ಮ್ಯಾಲೆ ತಿರುಗಾಕಿಲ್ಲ. ಜನಕ್ಕೂ ತಿಳಿಯಾಕಿಲ್ಲ. ನಮ್ಮ ಮಾತಲ್ಲಿ ಏನಂತ ಸಾರ್ಲಿ?”

ಹೊರಗೆ ರೋಗಿಗಳು ನರಳುತ್ತಿದ್ದರು. ವೈದ್ಯನ ಕೈಯಲ್ಲಿ ಅರೆಯುವ ಕಲ್ಲಿತ್ತು. ಅವನು ತಲೆ ಎತ್ತದೆ, “ರಾತ್ರಿ ತಂಗಿದ್ದು ಅಂತ ಸಾರು, ಹೋಗು,” ಎಂದ.

ಹಳಸಿದ್ದು ಅಂತ ಸಾರು ಎನ್ನಬೇಕಿತ್ತು. ಅವನು ಗ್ರಂಥದ ಮಾತನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿದ. ಪರ್ಯುಷಿತ ಅಂದರೂ ತಂಗಿದ್ದೇ, ಅದರಲ್ಲಿ ಅವನ ತಪ್ಪಿಲ್ಲ. ಆದರೆ ಗ್ರಂಥದವರಿಗೆ ಒಂದೇ ಮಾತಿತ್ತು, ನಮಗೆ ಎರಡಿದ್ದವು. ಅವನು ಎರಡರಲ್ಲಿ ತಪ್ಪಾದದ್ದನ್ನು ಆರಿಸಿಕೊಂಡ.

ಡಂಗುರದವನು ಕೇರಿಕೇರಿಗೆ ಹೋದ. ರಾತ್ರಿ ತಂಗಿದ್ದನ್ನು ಇನ್ನು ಮುಂದೆ ಯಾರೂ ಉಣ್ಣಬಾರದು, ಉಂಡದ್ದು ಗೊತ್ತಾದರೆ ಅವರ ಮಡಕೆಯನ್ನು ಅವರ ಬಾಗಿಲಲ್ಲೇ ಒಡೆಯಲಾಗುವುದು ಎಂದು ಸಾರಿದ. ಬಾಗಿಲಲ್ಲಿ ಮಡಕೆ ಒಡೆಯುವುದು ಸಾವಿನ ಮನೆಯಲ್ಲಿ. ಹಾಗಾಗಿ ಆ ಮಾತು ಕೇಳಿ ಹೆಂಗಸರು ಎದೆ ಮುಟ್ಟಿಕೊಂಡರು.

ಒಬ್ಬ ಮುದುಕ ಮಾತ್ರ ನಕ್ಕ. “ಮೊಸರೂ ರಾತ್ರಿಯೆಲ್ಲ ತಂಗಿದ್ದೇ ಅಲ್ವೇನಪ್ಪ? ನಮ್ಮ ಅಳಿಯನೂ ಬಂದು ತಂಗವ್ನೆ. ಅವನನ್ನೂ ತಿಪ್ಪೆಗೆ ಹಾಕ್ಲಾ?”

ಎಲ್ಲರೂ ನಕ್ಕರು. ಡಂಗುರದವನೂ ನಕ್ಕ. ಆದರೆ ಮಾರನೆಯ ಬೆಳಿಗ್ಗೆ ಅರಮನೆಯ ಆಳುಗಳು ಬಂದು ಆ ಮುದುಕನ ಮಡಕೆಯನ್ನೇ ಮೊದಲು ಒಡೆದರು. ಬಿಳಿಯ ಗಂಜಿ ಹೊಸಿಲಿನಿಂದ ಬೀದಿಗೆ ಹರಿಯಿತು. ಮಂಜಿನಲ್ಲಿ ಅದು ಎಲ್ಲಿಗೆ ಹೋಯಿತು ಎಂದು ಯಾರಿಗೂ ಕಾಣಲಿಲ್ಲ. ಆಮೇಲೆ ಯಾರೂ ತಮಾಷೆ ಮಾಡಲಿಲ್ಲ.

ಡಂಗುರ ಬಂದ ಸಂಜೆ ವೈದ್ಯನ ತಾಯಿ ಏನು ಮಾಡಿದಳು ಗೊತ್ತೇ? ತನ್ನ ಮಡಕೆಯನ್ನು ಎತ್ತಿಕೊಂಡು ಹೊಳೆಗೆ ಹೋದಳು. ಮದುವೆಯಾಗಿ ಬಂದಾಗಿನಿಂದ ಅನ್ನ ನೆನೆಹಾಕಿದ ಮಡಕೆ ಅದು. ಒಳಗೆಲ್ಲ ಹುಳಿಯ ವಾಸನೆ ಹತ್ತಿ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ದಿನಾ ಸಂಜೆ ಅದಕ್ಕೆ ಅನ್ನ ಹಾಕಿ, ನೀರು ಹೊಯ್ದು, ಮುಚ್ಚಳ ಮುಚ್ಚುವಾಗ, “ಮಲಕ್ಕೊ ಇನ್ನ,” ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ಅನ್ನವೂ ಒಂದು ನಿದ್ದೆ ಮಾಡಿ ಏಳಬೇಕು ಎನ್ನುವುದು ಅವಳ ಲೆಕ್ಕ. ಆ ಮಡಕೆಯನ್ನು ಅವಳೇ ಹೊಳೆಯಲ್ಲಿ ಬಿಟ್ಟಳು. ಅದು ಮುಳುಗದೆ ತೇಲುತ್ತ ತೇಲುತ್ತ ಹೋಯಿತು. ಅವಳು ಅದು ಮರೆಯಾಗುವವರೆಗೆ ನಿಂತು ನೋಡಿದಳು.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳು ಯಾಕವ್ವ ಹಿಂಗೆ ಎಂದು ಕೇಳಿದಳು. “ನನ್ನ ಮಗ ಹೇಳವ್ನೆ,” ಎಂದಳು ತಾಯಿ. ಆ ಮಾತು ಹೇಳುವಾಗ ಅವಳ ಮುಖ ಬೆಳಗಿತ್ತು. ನಾಡಿಗೆ ನಾಡೇ ತನ್ನ ಮಗನ ಮಾತು ಕೇಳುವ ಕಾಲ ಬಂತಲ್ಲ ಎಂದು ಅವಳಿಗೆ ಹೆಮ್ಮೆಯಾಗಿತ್ತು.

ಆಮೇಲೆ ಆ ಊರಿನಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ಜಗಲಿಗಳು ಖಾಲಿಯಾದವು. ಎಲ್ಲರೂ ಎದ್ದ ಕೂಡಲೆ ಬಾಗಿಲು ಹಾಕಿಕೊಳ್ಳತೊಡಗಿದರು. ವೈದ್ಯ ಅರಮನೆಗೆ ಹೋಗುವಾಗ ಮಂಜಿನ ನಡುವೆ ಬರೀ ಮುಚ್ಚಿದ ಬಾಗಿಲುಗಳು ಕಾಣುತ್ತಿದ್ದವು. ಊರಿನವರೆಲ್ಲ ಊರನ್ನು ಹಾಗೇ ಬಿಟ್ಟು ಎಲ್ಲೋ ನಡೆದುಹೋಗಿದ್ದಾರೆ ಎಂದು ಒಂದು ಗಳಿಗೆ ಅವನಿಗೆ ಅನ್ನಿಸುತ್ತಿತ್ತು. ಆಮೇಲೆ ಒಳಗಿನಿಂದ ಮೆಲುಮಾತು ಕೇಳುತ್ತಿತ್ತು. ಜನ ಈಚೆಗೆ ಎದ್ದ ಕೂಡಲೆ ದೇವರ ಧ್ಯಾನ ಮಾಡುತ್ತಿದ್ದಾರೆ ಎಂದು ಅವನು ಸಂತೋಷಪಟ್ಟ. ಓದಿದವರಿಗೆ ಒಳ್ಳೆಯ ಯೋಚನೆಗಳು ಬೇಗ ಬರುತ್ತವೆ.

ವರ್ಷ ಕಳೆಯಿತು. ಮಳೆ ಚೆನ್ನಾಗಿ ಆಯಿತು. ಅರಮನೆಯಲ್ಲಿ ಹಂಡೆಗಳಿಗೆಲ್ಲ ಹೊಸದಾಗಿ ಕಲಾಯಿ ಹಾಕಿಸಿದ್ದರು, ಅದು ಹಬ್ಬಕ್ಕೆಂದು ಮಾಡಿಸಿದ್ದು. ನಾಡಿನಲ್ಲಿ ಯಾರೂ ವಾಂತಿ ಮಾಡಿಕೊಂಡು ಸಾಯಲಿಲ್ಲ. ರಾಜ ಹಳ್ಳಿಗಳ ಮೇಲೆ ಹೋಗಿ ನೋಡಿ ಬಂದ. ಗದ್ದೆಯಲ್ಲಿ ಗಂಡಸರು ಉಕ್ಕಿನಂತೆ ಗಟ್ಟಿಯಾಗಿದ್ದರು. ಹೆಂಗಸರು ಹಾಡು ಹೇಳಿಕೊಂಡು ನಾಟಿ ಹಾಕುತ್ತಿದ್ದರು. ಮಕ್ಕಳ ಕೆನ್ನೆ ತುಂಬಿತ್ತು. ರಾಜ ತುಂಬಿದ ಸಭೆಯಲ್ಲಿ ವೈದ್ಯನನ್ನು ಅಪ್ಪಿಕೊಂಡ. ನನ್ನ ಜನರ ಹೊಟ್ಟೆ ಕಾಯ್ದವನು ನೀನು ಎಂದು ಹೇಳಿ ತಾನು ಹೊದ್ದಿದ್ದ ಶಾಲನ್ನು ಅವನ ಹೆಗಲಿಗೆ ಹಾಕಿದ.

ಆ ಶಾಲು ಹೊದ್ದು ವೈದ್ಯ ಮನೆಗೆ ಬಂದ. ತಾಯಿ ಚಾಪೆಯ ಮೇಲೆ ಮಲಗಿದ್ದಳು. ಶಾಲಿನ ಅಂಚನ್ನು ಮುಟ್ಟಿ ನೋಡಿ ನಕ್ಕಳು. ಎದ್ದು ಕೂರಲು ಅವಳಿಗೆ ಆಗಲಿಲ್ಲ.

ಇಡೀ ನಾಡಿನಲ್ಲಿ ಸೊರಗುತ್ತಿದ್ದವಳು ಅವಳೊಬ್ಬಳೇ.

ಅದು ಹೇಗೆ ಶುರುವಾಯಿತು ಎಂದು ಅವನಿಗೂ ತಿಳಿದಿರಲಿಲ್ಲ. ಮೊದಮೊದಲು ಅವಳು ರೂಢಿಯಂತೆ ನಸುಕಿನಲ್ಲಿ ಎದ್ದು ಅಡುಗೆಮನೆಯ ಮೂಲೆಗೆ ಹೋಗುತ್ತಿದ್ದಳು. ಅಲ್ಲಿ ಮಡಕೆ ಇರುತ್ತಿರಲಿಲ್ಲ. ಯಾಕೆ ಬಂದೆ ಎನ್ನುವುದು ಮರೆತು ಅಲ್ಲೇ ನಿಂತಿರುತ್ತಿದ್ದಳು. ಸೊಸೆ ಬಂದು ಕೈಹಿಡಿದು ಕರೆದುಕೊಂಡು ಹೋಗಬೇಕಾಗುತ್ತಿತ್ತು. ಸೊಸೆ ಒಳ್ಳೆಯ ಹುಡುಗಿ, ಬೆಳಗಾಗುವ ಮೊದಲೇ ಒಲೆ ಹಚ್ಚಿ ಹಬೆಯಾಡುವ ಅನ್ನ ಬಡಿಸುತ್ತಿದ್ದಳು. “ಬಿಸಿಬಿಸಿ ಉಣ್ಣವ್ವ, ಅದೇ ಒಳ್ಳೇದು,” ಎನ್ನುತ್ತಿದ್ದ ಮಗ. “ಆಗ್ಲಿ ಮಗಾ,” ಎಂದು ಅವಳು ಉಣ್ಣುತ್ತಿದ್ದಳು. ಬಾಯಿ ಹುಣ್ಣಾಯಿತು, ಹೊಟ್ಟೆ ಉರಿಯಿತು, ಆದರೂ ಉಣ್ಣುತ್ತಿದ್ದಳು. ಬರಬರುತ್ತ ಅರ್ಧ ಉಂಡು ಸಾಕು ಅಂದಳು. ಆಮೇಲೆ ನಾಲ್ಕು ತುತ್ತಿಗೇ ಸಾಕಾಯಿತು.

ಕೇರಿಯ ಗೆಳತಿಯರು ಬೆಳಗಿನ ಹೊತ್ತು ಅವಳ ಬಳಿ ಬರುವುದನ್ನು ಬಿಟ್ಟಿದ್ದರು. ಮೊದಲೆಲ್ಲ ಜೊತೆಯಲ್ಲಿ ನಾಟಿ ಹಾಕಿ, ಒಂದೇ ಬದುವಿನ ಮೇಲೆ ಕೂತು ಉಂಡವರು ಅವರು. ಈಗ ಅವಳು ಪಂಡಿತರ ತಾಯಿ. ಅವಳು ಬೀದಿಯಲ್ಲಿ ಕಂಡರೆ ಬಾಯಿ ಒರೆಸಿಕೊಂಡು ಬೇಗ ಬೇಗ ಒಳಗೆ ಹೋಗುತ್ತಿದ್ದರು. ತನಗೆ ವಯಸ್ಸಾಯಿತು, ಮುದುಕಿಯ ಜೊತೆ ಯಾರಿಗೆ ತಾನೆ ಮಾತು ಬೇಕು ಎಂದು ಅವಳು ತಿಳಿದಳು. ಆ ಸಂಕಟವನ್ನೂ ಅವಳು ಯಾರಿಗೂ ಹೇಳಲಿಲ್ಲ.

ವೈದ್ಯ ತನಗೆ ಗೊತ್ತಿದ್ದ ಔಷಧಿಯನ್ನೆಲ್ಲ ಕೊಟ್ಟ. ಗೊತ್ತಿಲ್ಲದ್ದನ್ನು ಬೇರೆ ನಾಡಿನಿಂದ ತರಿಸಿ ಕೊಟ್ಟ. ತುಪ್ಪ ಕುಡಿಸಿದ, ಹಾಲು ಕುಡಿಸಿದ. ನಾಡಿ ಹಿಡಿದು ಕೂತರೆ ಅವನ ಕೈಗೆ ಯಾವ ರೋಗವೂ ಸಿಗುತ್ತಿರಲಿಲ್ಲ. ಏನಾಗುತ್ತೆ ಅವ್ವ ಎಂದು ಕೇಳಿದರೆ, ಏನೂ ಆಗಾಕಿಲ್ಲ ಬಿಡು ಮಗಾ ಅನ್ನುತ್ತಿದ್ದಳು. ಏನು ಬೇಕು ಎಂದು ಕೇಳಿದರೆ, ಏನೂ ಬ್ಯಾಡ ಅನ್ನುತ್ತಿದ್ದಳು. ಬೇಕಾದದ್ದು ಅವಳಿಗೆ ಗೊತ್ತಿತ್ತು. ಹೆತ್ತ ತಾಯಿಯೇ ಮೀರಿದಳು ಅಂದರೆ ಮಗನ ಮಾತಿಗೆ ಊರಿನಲ್ಲಿ ಬೆಲೆ ಉಳಿಯುವುದಿಲ್ಲ ಎನ್ನುವುದೂ ಗೊತ್ತಿತ್ತು.

ಒಂದು ಬೆಳಿಗ್ಗೆ ಮಂಜು ಬಾಗಿಲಿನಿಂದ ಒಳಗೇ ಬಂದಿತ್ತು. ತಾಯಿ ಕಣ್ಣು ತೆರೆದಳು. ಅವಳಿಗೆ ಮನೆ ಕಾಣಲಿಲ್ಲ. ನಾಟಿ ಹಾಕಿದ ಗದ್ದೆ ಕಂಡಿತು, ಬದುವಿನ ಮೇಲೆ ಆಡುವ ಮಗು ಕಂಡಿತು. ಅವಳು ಆ ಮಗುವಿಗೆ ಹೇಳಿದಳು, “ಬಿಸಿಲೇರ್ತಾ ಅದೆ ಮಗಾ. ಹೊಂಗೆ ಮರದ ಬುಡದಾಗೆ ತಂಗಳು ಮಡಗಿವ್ನಿ. ನೀನು ಉಣ್ಣು. ನಂಗೂ ಒಂದು ತುತ್ತು ಮಡಗು.”

ಅರಮನೆಗೆ ಹೊರಟಿದ್ದ ವೈದ್ಯ ಅಲ್ಲೇ ನಿಂತ. ಆ ಮಾತು ಅವನು ಕೇಳಿ ಎಷ್ಟೋ ಕಾಲವಾಗಿತ್ತು. ಹೊಂಗೆಯ ನೆರಳು, ಮಡಕೆಯ ತಂಪು, ಬೆರಳ ಸಂದಿಯಿಂದ ಇಳಿಯುವ ಮಜ್ಜಿಗೆ ಎಲ್ಲ ಅವನಿಗೆ ಒಟ್ಟಿಗೆ ನೆನಪಾಯಿತು. ಅವ್ವ ವರ್ಷವಿಡೀ ಬಾಯಿ ಬಿಟ್ಟು ಕೇಳದೆ ಇದ್ದದ್ದು ಇದನ್ನೇ ಎಂದು ಅವನಿಗೆ ಆಗ ತಿಳಿಯಿತು.

ಅವನು ಅಡುಗೆಮನೆಗೆ ಓಡಿದ. ಅಲ್ಲಿ ಸಣ್ಣಕ್ಕಿ ಇತ್ತು, ಹಾಲು ಇತ್ತು, ತುಪ್ಪ ಇತ್ತು, ಒಲೆಯಲ್ಲಿ ಬೆಂಕಿ ಇತ್ತು. ತಂಗಳು ಮಾತ್ರ ಇರಲಿಲ್ಲ. ರಾಚಯ್ಯ, ನೀನು ಅಡುಗೆ ಬಲ್ಲವನು, ನಿನಗೆ ನಾನು ಹೇಳಬೇಕಾಗಿಲ್ಲ. ಅರಮನೆಯ ಬಾಣಸಿಗರೆಲ್ಲ ಬಂದು ನಿಂತರೂ ತಂಗಳನ್ನು ಇವತ್ತು ಮಾಡಲಾರರು. ಅದಕ್ಕೆ ನಿನ್ನೆ ಬೇಕು. ಆ ಮನೆಯಲ್ಲಿ ನಿನ್ನೆ ಎನ್ನುವುದನ್ನೇ ಎಸೆದು ವರ್ಷವಾಗಿತ್ತು.

ಆದರೂ ಅವನು ಬಿಡಲಿಲ್ಲ. ಬಿಸಿ ಅನ್ನವನ್ನು ತಣ್ಣೀರಿನಲ್ಲಿ ಆರಿಸಿ, ನಿಂಬೆಹುಳಿ ಹಿಂಡಿ, ಉಪ್ಪು ಹಾಕಿ ಕಿವುಚಿದ. ತನ್ನ ಕೈಯಾರೆ ತಾಯಿಯ ಬಾಯಿಗೆ ಇಟ್ಟ. ಅವಳು ಅದನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿದಳು. ತುಟಿಯ ಕೊನೆಯಿಂದ ಅದು ಹೊರಗೆ ಇಳಿಯಿತು.

“ಇದು ಇವತ್ತಿಂದು ಕಣ ಮಗಾ,” ಎಂದಳು. ಅವಳಿಗೆ ಬೇಸರವಿರಲಿಲ್ಲ, ನಗುತ್ತಲೇ ಹೇಳಿದಳು.

ವೈದ್ಯ ಬೀದಿಗೆ ಬಂದ. ಅರಮನೆಗೆ ಹೋಗುವ ಉಡುಪಿನಲ್ಲೇ ಇದ್ದ, ಹೆಗಲ ಮೇಲೆ ರಾಜನ ಶಾಲಿತ್ತು. ಎದುರು ಮನೆಯ ಬಾಗಿಲು ತಟ್ಟಿದ. ಒಳಗೆ ಮಾತು ನಿಂತಿತು. ಏನೋ ಎಳೆದ ಸದ್ದು, ಏನೋ ಮುಚ್ಚಿದ ಸದ್ದು. ರೈತನ ಹೆಂಡತಿ ಬಾಗಿಲನ್ನು ಒಂದಿಷ್ಟೇ ತೆರೆದಳು.

“ಮನೆಯಲ್ಲಿ ತಂಗಳಿದೆಯೇ?” ಎಂದು ಕೇಳಿದ ವೈದ್ಯ.

ಅವಳ ಮುಖ ಬಿಳಿಚಿಕೊಂಡಿತು. “ನಮ್ಮನೇಲಾ? ಎಲ್ಲಾದ್ರೂ ಉಂಟಾ ಬುದ್ಧೀ! ನನ್ನ ಮಗನ ಮ್ಯಾಲಾಣೆ, ಇಲ್ಲ.”

ಪಕ್ಕದ ಮನೆಯಲ್ಲೂ ಇಲ್ಲ. ಅದರ ಆಚೆಯ ಮನೆಯಲ್ಲೂ ಇಲ್ಲ. ನೇಕಾರ ದೇವರ ಮೇಲೆ ಆಣೆ ಮಾಡಿದ. ಗಾಣಿಗ ಒಳಗೆ ಬಂದು ನೋಡಿಕೊಳ್ಳಿ ಎಂದು ಕೈಮುಗಿದು, ಬಾಗಿಲಿಗೆ ಅಡ್ಡ ನಿಂತ. ವೈದ್ಯ ಹೋದ ಹಾಗೆಲ್ಲ ಅವನ ಮುಂದೆ ಸುದ್ದಿ ಓಡುತ್ತಿತ್ತು. ಅವನು ತಟ್ಟುವ ಮೊದಲೇ ಬಾಗಿಲು ತೆರೆದು, ಕೇಳುವ ಮೊದಲೇ ಇಲ್ಲ ಎಂದರು. ಮಂಜಿನಲ್ಲಿ ಅವನಿಗೆ ಒಂದೇ ಬಾಗಿಲನ್ನು ಮತ್ತೆ ಮತ್ತೆ ತಟ್ಟುತ್ತಿದ್ದೇನೆ ಅನ್ನಿಸಿತು. ಮನೆ ಬೇರೆ, ಮುಖ ಬೇರೆ, ಮಾತು ಅದೇ.

ಕೇರಿಯ ಕೊನೆಯಲ್ಲಿ ಒಬ್ಬ ಮುದುಕಿಯ ಗುಡಿಸಲು. ಅವನ ತಾಯಿಯ ಜೊತೆ ನಾಟಿ ಹಾಕಿದವಳು. ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. “ಯಾರಿಗೆ ಬುದ್ಧೀ?” ಎಂದು ಕೇಳಿದಳು.

ಅಷ್ಟು ದಾರಿಗೆ ಯಾರೂ ಆ ಮಾತು ಕೇಳಿರಲಿಲ್ಲ. ಅವ್ವನಿಗೆ ಎಂದರೆ ಸಾಕಿತ್ತು. ಅವನ ಬಾಯಿಗೆ ಅದು ಬಂದೂ ಇತ್ತು. ಅಷ್ಟರಲ್ಲಿ ಅವನಿಗೆ ಅರಮನೆಯ ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದ ಹೆಣಗಳು ನೆನಪಾದವು. ಆ ಮಕ್ಕಳು ನೆನಪಾದರು. ಪಂಡಿತರೇ ತಾಯಿಗೆ ತಂಗಳು ಬೇಡಿಕೊಂಡು ಹೋದರಂತೆ ಎಂದು ಸಂಜೆಯೊಳಗೆ ಸುದ್ದಿಯಾದರೆ ನಾಳೆ ಮತ್ತೆ ಯಾರು ಸಾಯುತ್ತಾರೋ ಎಂದು ಹೆದರಿದ. ಹೆಗಲ ಮೇಲಿನ ಶಾಲೂ ನೆನಪಾಗಿರಬೇಕು, ಆಗಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

“ಸುಮ್ಮನೆ ವಿಚಾರಿಸಿದೆ,” ಎಂದ.

“ಹಂಗಾದ್ರೆ ನಮ್ಮನೇಲಿ ಇ‌ಲ್ಲ,” ಎಂದಳು ಮುದುಕಿ.

ಅವನು ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಮಂಜು ಕರಗಿ ಹೊಳೆ ಕಾಣುತ್ತಿತ್ತು. ತಾಯಿಯ ಮುಖ ಹೊಳೆಯ ಕಡೆಗಿತ್ತು. ಒಂದು ತುತ್ತು ತಂಗಳು ಬಿದ್ದಿದ್ದರೆ ಅವಳು ಉಳಿಯುತ್ತಿದ್ದಳೇ? ನನಗೆ ಗೊತ್ತಿಲ್ಲ, ನಾನು ವೈದ್ಯನಲ್ಲ. ವರ್ಷಕ್ಕೆ ಮೊದಲೇ ಸಿಕ್ಕಿದ್ದರೆ ಉಳಿಯುತ್ತಿದ್ದಳೋ ಏನೋ. ಕೇಳಿದ ಒಂದು ತುತ್ತು ಸಿಗದೆ ಹೋದಳು ಎನ್ನುವುದು ಮಾತ್ರ ಗೊತ್ತು.

ಆ ಸಂಜೆ ಹೊಳೆಯ ದಡದಲ್ಲಿ ಅವಳಿಗೆ ಬೆಂಕಿ ಕೊಟ್ಟರು. ಊರಿಗೆ ಊರೇ ಬಂದಿತ್ತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರೇ ಊಟ ತಂದು ಬಡಿಸಬೇಕು. ಸತ್ತವರ ಮನೆಯವರನ್ನು ಹಸಿದಿರಲು ಬಿಟ್ಟರೆ ಊರಿಗೆ ಶ್ರೇಯಸ್ಸಲ್ಲ. ಈ ಪದ್ಧತಿ ಯಾವ ರಾಜನೂ ಸಾರಿದ್ದಲ್ಲ, ಆದ್ದರಿಂದ ಅದನ್ನು ಮೀರುವ ಯೋಚನೆಯೂ ಯಾರಿಗೂ ಬರುವುದಿಲ್ಲ. ಮಾರನೆಯ ದಿನ ಬೆಳಕು ಹರಿಯುತ್ತಲೇ ಕೇರಿಯ ಹೆಂಗಸರು ಎದ್ದರು. ರಾತ್ರಿಯೆಲ್ಲ ಅತ್ತ ಕಣ್ಣು, ನಿದ್ದೆಗಣ್ಣು. ಆ ಹೊತ್ತಿನಲ್ಲಿ ಮನೆಯಲ್ಲಿ ಏನಿತ್ತೋ ಅದನ್ನೇ ಮಡಕೆಯ ಸಮೇತ ಎತ್ತಿ, ಬಟ್ಟೆ ಮುಚ್ಚಿ, ಕಂಕುಳಲ್ಲಿ ಇಟ್ಟುಕೊಂಡು ಬಂದರು. ಮಂಜಿನಿಂದ ಒಬ್ಬೊಬ್ಬರಾಗಿ ಬಂದು ವೈದ್ಯನ ಜಗಲಿಯ ಮೇಲೆ ಇಳಿಸಿದರು. ಎದುರು ಮನೆಯ ರೈತನ ಹೆಂಡತಿ ಬಂದಳು, ನೇಕಾರನ ಹೆಂಡತಿ ಬಂದಳು, ಗಾಣಿಗನ ಮನೆಯವರು ಬಂದರು. ಜಗಲಿ ತುಂಬಿತು.

ರೈತನ ಹೆಂಡತಿ ಎಲೆ ಹಾಕಿ, ಮಡಕೆಗೆ ಕೈಹಾಕಿ ಬಡಿಸಿದಳು. ಬಿಳಿಯ ಅನ್ನ, ತಣ್ಣಗೆ, ಮಜ್ಜಿಗೆಯಲ್ಲಿ ನೆನೆದಿತ್ತು. ಎಲೆಗೆ ಬಿದ್ದ ಮೇಲೆ ಅವಳಿಗೆ ತಾನು ಏನು ಬಡಿಸಿದೆ ಎನ್ನುವುದು ತಿಳಿಯಿತು. ಕೈ ಅಲ್ಲೇ ನಿಂತಿತು. ಉಳಿದವರೂ ತಂತಮ್ಮ ಮಡಕೆಗಳನ್ನು ನೋಡಿಕೊಂಡರು. ಎಲ್ಲ ಮಡಕೆಗಳಲ್ಲೂ ಅದೇ ಇತ್ತು.

ವೈದ್ಯ ಒಂದೊಂದೇ ಮಡಕೆಯ ಬಟ್ಟೆ ಸರಿಸಿ ನೋಡಿದ. ಹಳೆಯ ಮಡಕೆಗಳು, ಹುಳಿಯ ವಾಸನೆ ಹತ್ತಿದವು. ವರ್ಷವಿಡೀ ಒಂದು ದಿನವೂ ಖಾಲಿ ಬಿದ್ದಿದ್ದಂತೆ ಕಾಣಲಿಲ್ಲ.

ಆಗ ಕೇರಿಯ ಕೊನೆಯ ಮನೆಯ ಮುದುಕಿ ಅವನ ಮುಂದೆ ಕುಸಿದು ಕೂತಳು. ಎದೆ ಎದೆ ಬಡಿದುಕೊಂಡಳು. “ನಿನ್ನೆ ನಾನು ಕೇಳಿದ್ನಲ್ಲಪ್ಪ, ಯಾರಿಗೆ ಅಂತ. ನಮ್ಮವ್ವನಿಗೆ ಅಂತ ಒಂದು ಮಾತು ಅಂದಿದ್ರೆ ಮಡಕೆಗೆ ಮಡಕೆನೇ ತಂದು ಅವಳ ಬಾಯಿಗೆ ಹಾಕ್ತಿದ್ನಲ್ಲೋ!”

ವೈದ್ಯ ಎಲೆಯ ಮುಂದೆ ಕೂತ. ಆಮೇಲೆ ಉಂಡ.

ಗುರು ಇಷ್ಟು ಹೇಳಿ ಕತೆ ಮುಗಿಸಿದರು. ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ರಾಚಯ್ಯ ಕತೆಯೊಳಗಿನಿಂದ ಮೆಲ್ಲಗೆ ಎದ್ದು ಬಂದವನಂತೆ ಕಣ್ಣು ಒರೆಸಿಕೊಂಡ. ಅವನಿಗೆ ಆ ಊರಿನವರ ಮೇಲೆ ಸಿಟ್ಟು ಬಂದಿತ್ತು, ಒಳಗೊಳಗೇ ಮೆಚ್ಚುಗೆಯೂ ಆಗಿತ್ತು.

“ಹಾಗಾದರೆ ಗುರುಗಳೇ, ಅಷ್ಟು ದೊಡ್ಡ ಪಂಡಿತರ ಮಾತನ್ನು ಆ ನಾಡಿನಲ್ಲಿ ಒಬ್ಬರೂ ನಂಬಲಿಲ್ಲವೇ?”

“ಹೆತ್ತವಳು ನಂಬಿದಳಲ್ಲಪ್ಪ,” ಎಂದರು ಗುರು.

ರಾಚಯ್ಯ ಎದ್ದು ಅಡುಗೆಮನೆಯ ಕಡೆಗೆ ನಡೆದ.